ಅಕ್ಷರಕ್ಕೆ ದಕ್ಕದ ಕಾಕು

ದನಿಯ ಏರಿಳಿತದಿಂದಲೇ ಮಾತಿನ ಅರ್ಥ ಬದಲಾಗುವ ಬಗೆಗೆ ಭಾರತೀಯ ಕಾವ್ಯಮೀಮಾಂಸೆಯು ‘ಕಾಕು’ ಎಂಬ ಹೆಸರಿಟ್ಟಿದೆ. ‘ಭಾರಿ ಕೆಲಸ ಮಾಡಿದೆ’ ಎಂಬ ಮಾತು ಒಂದು ದನಿಯಲ್ಲಿ ಮೆಚ್ಚುಗೆಯಾದರೆ ಇನ್ನೊಂದರಲ್ಲಿ ಕುಹಕವಾಗುತ್ತದೆ. ಎದುರಿಗಿರುವವರಿಗೆ ಹುಬ್ಬು, ತುಟಿ, ಕೊರಳು ಸೇರಿ ಈ ವ್ಯತ್ಯಾಸವನ್ನು ತಿಳಿಸುತ್ತವೆ. ವಾಟ್ಸ್ಆ್ಯಪ್ ಸಂದೇಶದಲ್ಲಾದರೋ ಅಕ್ಷರವಷ್ಟೇ ಉಳಿದು, ಕಾಕುವನ್ನು ಓದುಗರೇ ಊಹಿಸಿಕೊಳ್ಳಬೇಕಾಗುತ್ತದೆ.

ಈ ಊಹೆ ಎಷ್ಟು ತಪ್ಪಬಹುದೆಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿಕೊಟ್ಟಿತು. ಗಂಭೀರವಾದ ಮತ್ತು ವ್ಯಂಗ್ಯದ ವಾಕ್ಯಗಳನ್ನು ಬೆರೆಸಿ ಇಮೇಲ್ ಮಾಡಿದವರು, ತಮ್ಮ ಇಂಗಿತವು ನೂರಕ್ಕೆ ಸುಮಾರು 78 ಸಲ ತಿಳಿಯುತ್ತದೆಂದು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು 56 ಸಲ, ಎಂದರೆ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ತುಸುವೇ ಮೇಲು. ದನಿಯಲ್ಲಿ ಕೇಳಿಸಿದಾಗ ಈ ಅಂತರ ಬಹಳಷ್ಟು ತಗ್ಗಿತು. ಬರೆಯುವವರು ತಮ್ಮ ವಾಕ್ಯವನ್ನು ಒಳಗೊಳಗೇ ತಮ್ಮ ದನಿಯಲ್ಲಿ ಕೇಳಿಸಿಕೊಳ್ಳುತ್ತಿರುವುದರಿಂದ, ಆ ದನಿ ಅತ್ತ ಕಡೆಗೆ ತಲುಪಿಲ್ಲವೆಂಬುದು ಅವರ ಅರಿವಿಗೆ ಬರುವುದಿಲ್ಲ.

ಈ ಕೊರತೆ ಹಳೆಯದೇ. 1982ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ಬಳಕೆದಾರರ ಸಂದೇಶ ಫಲಕದಲ್ಲಿ, ಲಿಫ್ಟಿನೊಳಗೆ ಪಾದರಸ ಚೆಲ್ಲಿದೆ ಎಂಬ ತಮಾಷೆಯನ್ನು ಕೆಲವರು ನಿಜವಾದ ಎಚ್ಚರಿಕೆಯೆಂದೇ ತಿಳಿದರು. ಇಂಥ ಎಡವಟ್ಟನ್ನು ತಪ್ಪಿಸಲು, ಆ ವರ್ಷದ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಗಣಕವಿಜ್ಞಾನಿ, ವಿವರಣ ಚಿಹ್ನೆ, ಅಡ್ಡಗೆರೆ, ಆವರಣ ಚಿಹ್ನೆಗಳನ್ನು ಸಾಲಾಗಿಟ್ಟು ಮಾಡಿದ ಅಡ್ಡಬಿದ್ದ ನಗುಮುಖವನ್ನು ತಮಾಷೆಯ ಗುರುತಾಗಿ ಬಳಸಲು ಸೂಚಿಸಿದರು. 1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ಮೊಬೈಲಿಗಾಗಿ 176 ಪುಟ್ಟ ಚಿತ್ರಗಳನ್ನು ರೂಪಿಸಿದರು. ಇಂಥ ಎಮೋಜಿಗಳಿಗೆ, ಲಿಪಿಗಳನ್ನು ಸಂಕೇತಿಸುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡಿನಲ್ಲಿ 2010ರಲ್ಲಿ ವ್ಯಾಪಕವಾದ ಸ್ಥಾನ ದೊರೆಯಿತು.

ಆದರೆ ಎಮೋಜಿಗೂ ಕಾಕುವಿನ ತೊಡಕು ತಪ್ಪಿಲ್ಲ: ನಗುತ್ತ ಕಣ್ಣೀರಿಡುವ ಮುಖವು ಗೆಳೆಯರ ನಡುವೆ ಸಂತೋಷವೆನಿಸಿದರೆ, ಚರ್ಚೆಯ ಬಿಸಿಯಲ್ಲಿ ಅಪಹಾಸ್ಯವೆನಿಸುತ್ತದೆ. ಕನ್ನಡಕ್ಕಾದರೆ ಅಕ್ಷರದಲ್ಲೇ ದನಿ ತುಂಬುವ ಬೇರೆ ಉಪಾಯಗಳಿವೆ. ‘ತಡವಾಗಿ ಬಂದಿದ್ದೀಯ’ ಎಂಬುದು ದೂರಿನಂತೆ ಕೇಳಿದರೆ, ‘ಎಷ್ಟೊತ್ತಿಗೆ ಬರೋದು ಮಾರಾಯಾ’ ಎಂಬಲ್ಲಿ ಆಕ್ಷೇಪವೂ ಸಲುಗೆಯೂ ಒಟ್ಟಿಗೆ ಕೇಳಿಸುತ್ತವೆ. ‘ಕಣೋ’, ‘ಅಲ್ವಾ’, ‘ಅಂತೆ’ಗಳೂ ಹೀಗೆಯೇ ದುಡಿಯುತ್ತವೆ.

ಈ ಮಾತುಗಳು ಸಲುಗೆ ಇರುವಲ್ಲಿ ಮಾತ್ರ ಒಪ್ಪುತ್ತವೆ. ಹಿರಿಯರಿಗೆ, ಅಪರಿಚಿತರಿಗೆ, ಹಲವರು ಸೇರಿದ ಗುಂಪಿಗೆ ಬರೆಯುವಾಗ ವ್ಯಂಗ್ಯವನ್ನು ಬಿಟ್ಟು ನೇರವಾಗಿ ಬರೆಯುವುದು, ಇಲ್ಲವೇ ‘ತಮಾಷೆಗೆ ಹೇಳಿದ್ದು’ ಎಂದು ಸೇರಿಸುವುದು ಲೇಸು. ಸಂದೇಹವಿದ್ದಾಗ, ಕಳುಹಿಸುವ ಮೊದಲು ಅದೇ ಸಾಲನ್ನು ಸಿಟ್ಟಿನ ದನಿಯಲ್ಲಿ ಒಮ್ಮೆ ಓದಿಕೊಂಡು, ಹಾಗೆ ಓದಿದಾಗಲೂ ಅದು ನೋಯಿಸದಿದ್ದರೆ ಮಾತ್ರ ಕಳುಹಿಸಬಹುದು.