ಹೆರಿಗೆಗೆ ಮೊದಲು ಮನೆಯಲ್ಲಿಯೇ ಮೈ ಸಡಿಲಿಸುವ ಅಭ್ಯಾಸ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮಿತ್ರರಲ್ಲಿ ಈ ವರ್ಷ ತಂದೆಯಾಗಲಿರುವವರು ನನಗೆ ಗೊತ್ತಿದ್ದಂತೆಯೇ ನಾಲ್ಕೈದು ಮಂದಿ ಇದ್ದಾರೆ. ಪತ್ರಿಕೆ ಕೈಯಲ್ಲಿದ್ದರೂ ಅವರ ಮನಸ್ಸು ಅದರಲ್ಲಿ ಇರುವುದಿಲ್ಲ. ಮೊದಲ ಹೆರಿಗೆಗೆ ಹೆಂಡತಿಯನ್ನು ತವರಿಗೆ ಕಳುಹಿಸುವುದು ನಮ್ಮ ಪದ್ಧತಿಯೇನೋ ಸರಿ. ಆದರೆ ಊರು ಬಿಟ್ಟು ಬಂದವರಿಗೆ ಅದು ಎಲ್ಲ ಸಲವೂ ಸಾಧ್ಯವಾಗುವುದಿಲ್ಲ. ತಾಯಿ ಅತ್ತೆಯರು ದೂರದಲ್ಲಿ, ಇರುವುದು ಒಂದೇ ಕೋಣೆ, ಗಂಡನಿಗೆ ಪಾಳಿಯ ಕೆಲಸ. ಇಂಥ ಮನೆಯಲ್ಲಿ ಬಸುರಿಯ ಭಯವನ್ನು ಕುಳಿತು ಕೇಳುವವರೇ ಇರುವುದಿಲ್ಲ. ಆ ಭಯವನ್ನು ಖರ್ಚಿಲ್ಲದೆ ಸ್ವಲ್ಪ ಮಟ್ಟಿಗೆ ತಗ್ಗಿಸಿಕೊಳ್ಳುವ ಒಂದು ಅಭ್ಯಾಸವನ್ನು ನಾನೂ ನನ್ನ ಮನೆಯಾಕೆಯೂ ಮಾಡಿ ನೋಡಿದ್ದೇವೆ. ಅದನ್ನು ತಿಳಿಸುವುದಕ್ಕಾಗಿ ಈ ಲೇಖನ. ನಾನು ವೈದ್ಯನಲ್ಲ, ಮೆಟ್ರಿಕ್ ಪಾಸು ಮಾಡಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವನು.

ಇಂಗ್ಲಿಷಿನಲ್ಲಿ ಇದಕ್ಕೆ ಹಿಪ್ನೊಬರ್ತಿಂಗ್ ಎಂದು ಹೆಸರು. ಹಿಪ್ನೋಟಿಸಂ ಎಂದ ಕೂಡಲೇ, ಜಾತ್ರೆಯಲ್ಲಿ ಹುಡುಗನಿಗೆ ಕರಿಯ ಬಟ್ಟೆ ಹೊದಿಸಿ ಪ್ರಶ್ನೆ ಕೇಳುವ ಜಾದೂಗಾರನು ನಮ್ಮ ಕಣ್ಣ ಮುಂದೆ ಬರುತ್ತಾನೆ. ಅವನಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಯಾರೂ ಯಾರನ್ನೂ ವಶ ಮಾಡಿಕೊಳ್ಳುವುದಿಲ್ಲ, ಎಚ್ಚರವೂ ತಪ್ಪುವುದಿಲ್ಲ. ಒಳ್ಳೆಯ ತಾಳಮದ್ದಳೆ ಕೇಳುತ್ತ ಕುಳಿತಾಗ ಪಕ್ಕದವನು ಎದ್ದು ಹೋದದ್ದು ಕೂಡ ತಿಳಿಯದಷ್ಟು ಮನಸ್ಸು ಒಂದೆಡೆ ನಿಲ್ಲುತ್ತದಲ್ಲವೇ? ಅಂಥದೇ ಸ್ಥಿತಿ. ಬೇಕೆಂದಾಗ ಎದ್ದು ಒಲೆಯ ಮೇಲಿನ ಹಾಲನ್ನು ಇಳಿಸಬಹುದು.

ಇದರ ಮೂಲವನ್ನು ಹುಡುಕಿದರೆ ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲೆಂಡಿನ ಹೆರಿಗೆ ವೈದ್ಯರು ಸಿಗುತ್ತಾರೆ (1890–1959). ಅವರು ಎಳೆಯ ವೈದ್ಯರಾಗಿದ್ದಾಗ ಲಂಡನ್ನಿನ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲಿ ಒಬ್ಬ ಹೆಂಗಸಿನ ಹೆರಿಗೆಗೆ ಹೋದರು. ನೋವು ತಿಳಿಯದಿರಲೆಂದು ಕ್ಲೋರೋಫಾರ್ಮ್ ಕೊಡಹೋದರೆ ಆಕೆ ಬೇಡವೆಂದು ಮುಖ ತಿರುಗಿಸಿಕೊಂಡು, ಶಾಂತಳಾಗಿಯೇ ಹೆತ್ತಳಂತೆ. ಆ ಹೆಂಗಸಿಗೆ ಇಲ್ಲದ ಯಾವುದು ಬೇರೆಯವರಿಗೆ ಇದೆ ಎಂದು ಯೋಚಿಸುತ್ತ ಹೋದ ಅವರು 1933ರಲ್ಲಿ ಒಂದು ಪುಸ್ತಕ ಬರೆದರು. ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ನೋವು ಹೆಚ್ಚಾದರೆ ಮತ್ತೆ ಹೆದರಿಕೆ, ಹೀಗೆ ಗಾಣದೆತ್ತಿನಂತೆ ಸುತ್ತು ತಿರುಗುತ್ತದೆ ಎಂಬುದು ಅವರ ವಾದ. ಫ್ರಾನ್ಸಿನ ಫೆರ್ನಾಂದ್ ಲಮಾಝ್ ಎಂಬ ವೈದ್ಯರು 1951ರಲ್ಲಿ ಸೋವಿಯತ್ ರಷ್ಯಕ್ಕೆ ಹೋಗಿ, ಅಲ್ಲಿ ಉಸಿರಾಟ ಮತ್ತು ಮನಸ್ಸಿನ ತಯಾರಿಯಿಂದ ಹೆರಿಗೆ ಮಾಡಿಸುವುದನ್ನು ಕಂಡು, ಪ್ಯಾರಿಸಿನಲ್ಲಿ ಅಂಥದೇ ಕ್ರಮವನ್ನು ಆರಂಭಿಸಿದರು. ಆರಂಭಿಸಿದ್ದು ಶ್ರೀಮಂತರ ಆಸ್ಪತ್ರೆಯಲ್ಲಿ ಅಲ್ಲ. ಲೋಹದ ಕಾರ್ಖಾನೆಗಳ ಕೆಲಸಗಾರರ ಯೂನಿಯನ್ನು ನಡೆಸುತ್ತಿದ್ದ ಹೆರಿಗೆ ಮನೆಯಲ್ಲಿ. ನಮ್ಮಂಥವರು ಇದನ್ನು ನೆನಪಿಡಬೇಕು, ಯಾಕೆಂದರೆ ಇಂದು ಇದೇ ವಿದ್ಯೆಯನ್ನು ದೊಡ್ಡ ಊರುಗಳಲ್ಲಿ ಸಾವಿರಾರು ರೂಪಾಯಿ ಶುಲ್ಕಕ್ಕೆ ಕಲಿಸುವವರಿದ್ದಾರೆ. ಹಿಪ್ನೊಬರ್ತಿಂಗ್ ಎಂಬ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದವರು ಅಮೆರಿಕದ ಮೇರಿ ಮಾಂಗನ್. ಅವರ ಪುಸ್ತಕ ಬಂದದ್ದು 1992ರಲ್ಲಿ. ಅವರೂ ಡಿಕ್-ರೀಡ್ ಅವರ ದಾರಿಯನ್ನೇ ಹಿಡಿದವರು.

ಬಿಗಿಯುವುದರಿಂದ ಏನಾಗುತ್ತದೆ? ಗರ್ಭಕೋಶವೆಂದರೆ ಸ್ನಾಯುವಿನ ಚೀಲ. ಅದು ಬಿಟ್ಟು ಬಿಟ್ಟು ಬಿಗಿಯುತ್ತ ಮಗುವನ್ನು ಕೆಳಕ್ಕೆ ಒತ್ತುತ್ತದೆ. ಕೆಳಗಿನ ಬಾಯಿ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ ಸುಮಾರು 10 ಸೆಂಟಿಮೀಟರಿಗೆ ಬರುತ್ತದೆ. ಈ ಕೆಲಸವನ್ನು ನಡೆಸುವುದು ಆಕ್ಸಿಟೋಸಿನ್ ಎಂಬ ರಸ. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ಬೇರೊಂದು ರಸ ಹೆಚ್ಚುತ್ತದೆ, ಓಡಿ ಹೋಗುವುದಕ್ಕೆ ಮೈಯನ್ನು ಸಿದ್ಧಗೊಳಿಸುವಂಥದು. ಅದು ಹೆಚ್ಚಾದರೆ ಬೇನೆ ನಿಧಾನವಾಗುವುದುಂಟು. ಊರಿನಲ್ಲಿ ಹಸು ಕರು ಹಾಕುವಾಗ ಹಿರಿಯರು ಮಕ್ಕಳನ್ನು ಕೊಟ್ಟಿಗೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅವರಿಗೆ ಅಡ್ರಿನಲಿನ್ ಗೊತ್ತಿರಲಿಲ್ಲ, ಹಸು ಗೊತ್ತಿತ್ತು.

ಇಷ್ಟರಿಂದ ನೋವಿಲ್ಲದ ಹೆರಿಗೆ ಆಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. 2016ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು ಸುಮಾರು 3,000 ಹೆಂಗಸರ ಮೇಲೆ ನಡೆದ 9 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ಅಭ್ಯಾಸ ಮಾಡಿದವರು ಒಟ್ಟಿನಲ್ಲಿ ನೋವಿನ ಔಷಧಿಯನ್ನು ತುಸು ಕಡಿಮೆ ಬಳಸಿದಂತೆ ಕಂಡಿತು. ಆದರೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದಿನಲ್ಲಿಯಾಗಲಿ, ಸಹಜ ಹೆರಿಗೆಯ ಸಂಖ್ಯೆಯಲ್ಲಿಯಾಗಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 680 ಚೊಚ್ಚಲು ಬಸುರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಪಿಡ್ಯೂರಲ್ ಪಡೆದವರು ಅಭ್ಯಾಸ ಕಲಿತವರಲ್ಲಿ ನೂರಕ್ಕೆ 28, ಕಲಿಯದವರಲ್ಲಿ 30. ಇದೇನೂ ದೊಡ್ಡ ಅಂತರವಲ್ಲ. ಆದರೆ ಹೆರಿಗೆಯಾದ ಮೇಲೆ ಕೇಳಿದಾಗ, ತಾವು ಮೊದಲು ಎಣಿಸಿದ್ದಕ್ಕಿಂತ ಕಡಿಮೆ ಹೆದರಿದೆವೆಂದು ಹೇಳಿದವರು ಕಲಿತವರಲ್ಲಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ, ಹೆರಿಗೆ ನೋವಿಗೆ ಉಪಶಮನ ಬಯಸುವ ಆರೋಗ್ಯವಂತ ಬಸುರಿಯರಿಗೆ ಸ್ನಾಯು ಸಡಿಲಿಸುವುದನ್ನೂ ಉಸಿರಾಟವನ್ನೂ ಸಲಹೆ ಮಾಡಿತು. ಲಾಭ ಭಯದ ಖಾತೆಯಲ್ಲಿ ಜಮೆಯಾಗುತ್ತದೆ, ಬೇರೆ ಖಾತೆಗಳಲ್ಲಿ ಅಷ್ಟಾಗಿ ಅಲ್ಲ. ನಮಗೆ ಅದು ಸಾಕೆನಿಸಿತು.

ನನ್ನ ಮನೆಯಾಕೆಯ ತವರು ಕುಂದಾಪುರದ ಕಡೆ. ಮೊದಲನೆಯ ಹೆರಿಗೆ ಅಲ್ಲಿಯೇ ಆಯಿತು. ಬೇನೆ ಬರುವುದಕ್ಕೆ ಮುಂಚೆಯೇ ನೆರೆಕರೆಯವರು ತಂತಮ್ಮ ಕಷ್ಟದ ಕಥೆಗಳನ್ನು ಹೇಳಿ ಹೇಳಿ ಆಕೆಯನ್ನು ಅರ್ಧ ಸಾಯಿಸಿದ್ದರು. ಎರಡನೆಯ ಸಲ ಆಕೆ ಇಲ್ಲಿಯೇ ಇರಬೇಕಾಗಿ ಬಂತು. ಏಳನೆಯ ತಿಂಗಳಲ್ಲಿ ಒಂದು ರಾತ್ರಿ ದೀಪ ಆರಿಸಿದ ಮೇಲೆ, "ಈ ಸಲ ನಾನು ಉಳಿಯುವುದಿಲ್ಲ ಅನ್ನಿಸುತ್ತದೆ, ನೀವು ಮಗುವನ್ನು ಊರಿಗೆ ಕಳಿಸಿಬಿಡಿ" ಎಂದಳು. ನಮ್ಮ ವಾಚನಾಲಯಕ್ಕೆ ದಾನವಾಗಿ ಬಂದ ಹಳೆಯ ಕಟ್ಟಿನಲ್ಲಿ ಡಿಕ್-ರೀಡ್ ಅವರ ಪುಸ್ತಕವಿತ್ತು. ಮರುದಿನವೇ ತಂದು ನಿಘಂಟು ಹಿಡಿದು ಓದತೊಡಗಿದೆ. ತಪಾಸಣೆಗೆ ಹೋದಾಗ ಡಾಕ್ಟರಮ್ಮನವರನ್ನು ಕೇಳಿ ಒಪ್ಪಿಗೆ ಪಡೆದೆವು. ಮೂರ್ಛೆರೋಗವೋ ಮನಸ್ಸಿನ ಕಾಯಿಲೆಯೋ ಇದ್ದವರು ಕೇಳದೆ ಆರಂಭಿಸಲೇಬಾರದು.

ಅಭ್ಯಾಸ ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ, ಇಪ್ಪತ್ತು ನಿಮಿಷ. ಅಂಗಾತ ಮಲಗಬಾರದು, ದಿನ ತುಂಬುತ್ತ ಬಂದಂತೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಎಡ ಮಗ್ಗುಲಾಗಿ ಮಲಗಿ, ಮಂಡಿಗಳ ನಡುವೆ ಒಂದು ದಿಂಬು, ಇಲ್ಲವೇ ಮಡಿಸಿದ ಕಂಬಳಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, ಆರು ಅಥವಾ ಎಂಟು ಎಣಿಸುವಷ್ಟು ಹೊತ್ತು ಹೊರಕ್ಕೆ. ಪ್ರಾಣಾಯಾಮ ಬಲ್ಲವರು ಇಲ್ಲಿ ಕುಂಭಕ ಮಾಡಬಾರದು. ಉಸಿರು ಕಟ್ಟುವುದು ಬೇಡ. ತಲೆ ಸುತ್ತಿದರೆ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಬೇಕು. ಐದು ನಿಮಿಷ ಹೀಗೆ ಕಳೆದ ಮೇಲೆ ಬಿಗಿ-ಸಡಿಲು. ಮುಷ್ಟಿಯನ್ನು ಬಿಗಿ ಹಿಡಿದು, ಉಸಿರು ಬಿಡುತ್ತ ಸಡಿಲಿಸುವುದು. ಆಮೇಲೆ ಭುಜ, ಹಣೆ, ದವಡೆ, ತೊಡೆ. ಮೀನಖಂಡವನ್ನು ಮಾತ್ರ ಬಿಗಿಯಲು ಹೋಗಬೇಡಿರಿ. ಬಸುರಿಯರಿಗೆ ಅಲ್ಲಿ ಬೇಗ ಸ್ನಾಯು ಹಿಡಿದುಕೊಳ್ಳುತ್ತದೆ, ನಮಗೆ ಮೊದಲ ರಾತ್ರಿಯೇ ಅದರ ಅನುಭವವಾಯಿತು. ಎಲ್ಲಕ್ಕಿಂತ ಕಷ್ಟ ದವಡೆ. ಮೈಯೆಲ್ಲ ಸಡಿಲವಾದರೂ ಹಲ್ಲು ಕಚ್ಚಿಕೊಂಡೇ ಇರುತ್ತದೆ. ತುಟಿ ತುಸು ತೆರೆದು, ನಾಲಿಗೆಯನ್ನು ಸುಮ್ಮನೆ ಬಿಡಬೇಕು.

ಗಂಡನ ಕೆಲಸ ಕಾಗದ ನೋಡಿ ಮೆಲ್ಲನೆ ಓದುವುದು: ಕೈ ಸಡಿಲವಾಯಿತು, ಭುಜ ಇಳಿಯಿತು, ಹೀಗೆ. ನಾನು ಮೊದಮೊದಲು ಹಾಜರಿ ಕೂಗಿದಂತೆ ಓದಿ ಆಕೆಯನ್ನು ನಗಿಸಿಬಿಟ್ಟೆ. ಓದುವಾಗಲೆಲ್ಲ ಭುಜದ ಮೇಲೆ ಕೈ ಇಡುತ್ತಿದ್ದೆ. ಮೂರು ವಾರದಲ್ಲಿ ಕೈ ಇಟ್ಟ ಕೂಡಲೇ, ಓದುವುದಕ್ಕೆ ಮುಂಚೆಯೇ, ಭುಜ ಇಳಿಯತೊಡಗಿತು. ಈ ವಿದ್ಯೆಯ ಗುಟ್ಟೆಲ್ಲ ಈ ರೂಢಿಯಲ್ಲಿದೆ. ಬೇನೆ ಬಂದ ದಿನ ಕಲಿಯುತ್ತೇನೆಂದರೆ ಆಗದು.

ಮಾಂಗನ್ ಅವರು ನೋವು ಎಂಬ ಪದವನ್ನೇ ಬಿಟ್ಟು ಬೇರೆ ಪದ ಬಳಸಬೇಕೆನ್ನುತ್ತಾರೆ. ನಮ್ಮಲ್ಲಿ ಬೇನೆ ಎಂದರೇ ನೋವು. ನನ್ನ ಮನೆಯಾಕೆ ಕಡಲ ಕರೆಯವಳಾದ್ದರಿಂದ 'ತೆರೆ' ಎಂದು ಕರೆದಳು. ತೆರೆ ಏಳುತ್ತದೆ, ಮೇಲಕ್ಕೆ ಬರುತ್ತದೆ, ದಡಕ್ಕೆ ಬಂದು ಒಡೆದು ಹೋಗುತ್ತದೆ. ಒಂದು ತೆರೆಗೆ ಹೆಚ್ಚೆಂದರೆ ಒಂದೂವರೆ ನಿಮಿಷ. ಬಯಲು ಸೀಮೆಯವರು ತಮಗೆ ಒಗ್ಗುವ ಮಾತನ್ನು ಆರಿಸಿಕೊಳ್ಳಲಿ.

ಅಭ್ಯಾಸ ಹಿಡಿಸಿದೆಯೋ ಇಲ್ಲವೋ ನೋಡಲು ಐಸಿನ ಪರೀಕ್ಷೆಯಿದೆ. ಒಂದು ಐಸಿನ ತುಂಡನ್ನು ಅಂಗೈಯಲ್ಲಿ ಒಂದು ನಿಮಿಷ ಹಿಡಿಯುವುದು. ಮೊದಲು ಸುಮ್ಮನೆ, ಆಮೇಲೆ ಇನ್ನೊಂದು ಕೈಯಲ್ಲಿ ಉಸಿರು ಎಣಿಸುತ್ತ. ನಾನೂ ಹಿಡಿದು ನೋಡಿದೆ. ಐಸು ಅಷ್ಟೇ ತಣ್ಣಗಿದ್ದರೂ ಎರಡನೆಯ ನಿಮಿಷ ಬೇಗ ಕಳೆಯಿತು. ಇನ್ನು ಗದ್ದಲದ ಮಾತು. ನಮ್ಮ ಚಾಳಿನಲ್ಲಿ ನಲ್ಲಿಯ ಜಗಳ, ಕುಕ್ಕರಿನ ಸೀಟಿ, ಪಕ್ಕದ ಟಿ.ವಿ. ನಿಲ್ಲುವುದೇ ಇಲ್ಲ. ಅದರ ನಡುವೆ ಅಭ್ಯಾಸ ಮಾಡಿದ್ದು ಒಳ್ಳೆಯದೇ ಆಯಿತು, ಹೆರಿಗೆ ವಾರ್ಡೂ ಶಾಂತಿಯ ತಾಣವಲ್ಲ.

ಈಗ ನಾನು ಮಾಡಿದ ತಪ್ಪನ್ನು ಹೇಳಬೇಕು. ಆ ರಾತ್ರಿ ಹನ್ನೊಂದೂವರೆಗೆ ತೆರೆಗಳು ಆರಂಭವಾದವು. ನನ್ನ ರೂಢಿಯಂತೆ ಪ್ರತಿಯೊಂದರ ವೇಳೆಯನ್ನು ವಹಿಯಲ್ಲಿ ಬರೆಯುತ್ತ ಕುಳಿತೆ. ಆಕೆ ಗೋಡೆಗೆ ಕೈಯೂರಿ ನಿಂತು ಉಸಿರು ಬಿಡುತ್ತಿದ್ದಳು, ಮುಖ ಶಾಂತವಾಗಿತ್ತು. ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡೆ. ಒಂದೂವರೆಗೆ ಪಕ್ಕದ ಕೋಣೆಯ ಮರಾಠಿ ಆಜಿ ಬಂದು, ಎಷ್ಟು ನಿಮಿಷಕ್ಕೊಂದು ಬರುತ್ತಿದೆ ಎಂದು ಕೇಳಿದರು. ವಹಿ ನೋಡಿ "ಮೂರು ನಿಮಿಷ" ಎಂದೆ. "ಮೂರು ನಿಮಿಷಕ್ಕೆ ಬಂದರೂ ಕುಳಿತಿದ್ದೀಯಾ? ಅವಳ ಮುಖ ನೋಡಬೇಡ, ಗಡಿಯಾರ ನೋಡು" ಎಂದು ಗದರಿಸಿ ರಿಕ್ಷಾ ತರಿಸಿದರು. ಬರೆದ ಲೆಕ್ಕವನ್ನೇ ಓದದ ಗುಮಾಸ್ತನಾಗಿದ್ದೆ ನಾನು. ಆಸ್ಪತ್ರೆಯಲ್ಲಿಯೂ ಆಕೆಯ ಮುಖ ನೋಡಿದ ದಾದಿ, ಇದು ಹೆರಿಗೆ ಬೇನೆಯಲ್ಲ, ಬೆಂಚಿನ ಮೇಲೆ ಕುಳಿತಿರಿ ಎಂದರು. ಆಕೆಯೇ, "ಅಕ್ಕಾ, ಒಮ್ಮೆ ಪರೀಕ್ಷೆ ಮಾಡಿ ನೋಡಿ" ಎಂದು ಕೇಳಿಕೊಂಡಳು. ನೋಡಿದರೆ 8 ಸೆಂಟಿಮೀಟರ್ ತೆರೆದಿತ್ತು. ಮುಕ್ಕಾಲು ಗಂಟೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಆದುದರಿಂದ ಅಭ್ಯಾಸ ಮಾಡಿದವರು ಗಡಿಯಾರವನ್ನೇ ನಂಬಬೇಕು. ಚೊಚ್ಚಲಾದರೆ ಐದು ನಿಮಿಷಕ್ಕೊಮ್ಮೆ, ಒಂದೊಂದು ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡುವುದು. ಎರಡನೆಯದಾದರೆ, ಅಥವಾ ಆಸ್ಪತ್ರೆ ದೂರವಾದರೆ, ಅದಕ್ಕೂ ಮೊದಲೇ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಸೆಳವು ಅಥವಾ ಜ್ವರ ಬಂದರೆ, ದಿನ ತುಂಬುವ ಮೊದಲೇ ಬೇನೆ ಬಂದರೆ ಉಸಿರು ಎಣಿಸುತ್ತ ಕೂರಬಾರದು. ತಕ್ಷಣ 108ಕ್ಕೆ ಫೋನು ಮಾಡಬೇಕು. ಅಡ್ಡಲಾಗಿರುವ ಮಗುವನ್ನು ಈ ಅಭ್ಯಾಸ ತಿರುಗಿಸಲಾರದು, ಏರಿದ ರಕ್ತದೊತ್ತಡವನ್ನು ವಾಸಿಮಾಡಲಾರದು. ಶಸ್ತ್ರಕ್ರಿಯೆಯೇ ಆಗಬೇಕಾಗಿ ಬಂದರೆ ಅಭ್ಯಾಸ ಸರಿಯಾಗಿ ಮಾಡಲಿಲ್ಲವೆಂದು ಯಾರೂ ಆಕೆಯನ್ನು ಅನ್ನಬಾರದು. ಬೆನ್ನಿಗೆ ಸೂಜಿ ಹಾಕುವಾಗ ಅದೇ ಉಸಿರು ಉಪಯೋಗಕ್ಕೆ ಬರುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ ಶಸ್ತ್ರಕ್ರಿಯೆಯೂ ಉಚಿತವೆಂಬ ಯೋಜನೆ 2011ರಲ್ಲಿ ಜಾರಿಗೆ ಬಂದಿದೆ. ಖರ್ಚಿಗೆ ಹೆದರಿ ತಡ ಮಾಡಬೇಕಾಗಿಲ್ಲ.

ಇನ್ನೊಂದು ಸಂಗತಿ. ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬಹುದೆಂದು ಕೇಂದ್ರ ಸರಕಾರ 2016ರಲ್ಲಿಯೇ ಹೇಳಿದೆ. ಆದರೆ ಸಾಮಾನ್ಯವಾಗಿ ಆ ಒಬ್ಬರು ಹೆಂಗಸಾಗಿರಬೇಕು. ಎರಡು ತಿಂಗಳು ಓದಿದವನು ನಾನು, ಒಳಗೆ ಹೋಗುವವರು ಬೇರೆ! ತಪಾಸಣೆಯಲ್ಲಿ ಇದು ಮೊದಲೇ ತಿಳಿದದ್ದರಿಂದ, ಕೊನೆಯ ಹದಿನೈದು ದಿನ ನನ್ನ ಅಕ್ಕನನ್ನು ಕರೆಸಿ ಆಕೆಯಿಂದಲೇ ಓದಿಸಿ, ಭುಜ ಮುಟ್ಟಿಸಿ ರೂಢಿ ಮಾಡಿಸಿದ್ದೆವು. ಹಳ್ಳಿಯ ಸೂಲಗಿತ್ತಿಯರ ಬಲವೂ ಇದೇ, ಗುರುತಿನ ಕೈ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಬಿಡಿಗಾಸು ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಸರಿ. ಆ ಗುರುತಿನ ಕೈಯನ್ನು ಮಾತ್ರ ನಾವೇ ಜೊತೆಗೆ ಕರೆದೊಯ್ಯಬೇಕು.

ನೋವಾಗಲಿಲ್ಲವೇ ಎಂದು ಆಮೇಲೆ ಕೇಳಿದೆ. ಆಯಿತು, ಕಡೆಯ ಅರ್ಧ ಗಂಟೆ ತೆರೆಯೂ ಇಲ್ಲ ಗಿರೆಯೂ ಇಲ್ಲ, ಕೂಗಿಕೊಂಡೆ ಎಂದಳು. "ಆದರೆ ಸಾಯುತ್ತೇನೆ ಅನ್ನಿಸಲಿಲ್ಲ."

ನಾವು ಓದುತ್ತಿದ್ದ ಕಾಗದವನ್ನು ಶುದ್ಧ ಪ್ರತಿ ಮಾಡಿ ವಾಚನಾಲಯದ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬೇಕಾದವರು ಅಲ್ಲಿಯೇ ಕುಳಿತು ನಕಲು ಮಾಡಿಕೊಳ್ಳಬಹುದು, ಮನೆಗೆ ಒಯ್ಯಬಾರದು. ಹೆಂಗಸರು ನನ್ನ ಮನೆಯಾಕೆಯನ್ನೇ ಕೇಳುವುದಾದರೆ ಭಾನುವಾರ ಮಧ್ಯಾಹ್ನ ಮೂರರ ಮೇಲೆ ಮನೆಗೆ ಬರಲಿ, ಅಷ್ಟು ಹೊತ್ತಿಗೆ ಮಗು ಮಲಗಿರುತ್ತದೆ.