ಮೇಲೆ ಬೆಚ್ಚಗೆ, ಒಳಗೆ ತಣ್ಣಗೆ

ಶಾಲೆಗೆ ಬೇಸಿಗೆ ರಜೆ ಬಂತೆಂದರೆ ನಾರ್ವ, ಮಕ್ತಲ್, ಗದ್ವಾಲ ಕಡೆಯ ಊರುಗಳಲ್ಲಿ ಹುಡುಗರು ಮನೆಯಲ್ಲಿ ಸಿಗುವುದಿಲ್ಲ. ಹೊಲದ ಬಾವಿ, ಊರ ಕೆರೆ, ಇಲ್ಲವೇ ಕೃಷ್ಣೆಯ ಮಡುವಿನಲ್ಲಿ ಹುಡುಕಬೇಕು. ಒಂದು ಮನೆಯಲ್ಲಿ ಅದನ್ನು ಈಜು ಎನ್ನುತ್ತಾರೆ, ಪಕ್ಕದ ಮನೆಯಲ್ಲಿ ಈತ ಎನ್ನುತ್ತಾರೆ. ಮಗ ಬರುವುದು ತಡವಾದರೆ ಅವ್ವಂದಿರ ಎದೆ ಹೊಡೆದುಕೊಳ್ಳುವುದು ಮಾತ್ರ ಎರಡೂ ಮನೆಯಲ್ಲಿ ಒಂದೇ ರೀತಿ.

ನೀರಿಗೆ ಹೋಗಬೇಡ ಎಂದರೆ ಹುಡುಗರು ಕೇಳುವುದಿಲ್ಲ. ನದಿ ಪಕ್ಕದಲ್ಲಿದ್ದೂ ಈಜು ಕಲಿಯದಿರುವುದು ಒಳ್ಳೆಯದೂ ಅಲ್ಲ. ಆದ್ದರಿಂದ ಈ ಹೊತ್ತು ನೀರಿನ ಸ್ವಭಾವವನ್ನೇ ತಿಳಿದುಕೊಳ್ಳೋಣ. ಯಾವ ಕಾಲದಲ್ಲಿ ಅದು ಎಷ್ಟು ಬಿಸಿ, ಎಷ್ಟು ತಂಪು? ಯಾವಾಗ ಇಳಿಯಬಹುದು, ಯಾವಾಗ ದಂಡೆಯಲ್ಲೇ ನಿಲ್ಲಬೇಕು?

ಮೊದಲು ಬಾವಿಯ ಮಾತು. ಚಳಿಗಾಲದ ಬೆಳಗಿನಲ್ಲಿ ಬಾವಿಯ ನೀರು ಬೆಚ್ಚಗಿರುತ್ತದೆ, ಬೇಸಿಗೆಯಲ್ಲಿ ತಣ್ಣಗಿರುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲವೇ? ನಿಜ ಹೇಳಬೇಕೆಂದರೆ ನೆಲದೊಳಗಿನ ನೀರು ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಅದರ ಉಷ್ಣತೆ ಆ ಊರಿನ ವರ್ಷದ ಸರಾಸರಿ ಹವೆಗೆ ಹತ್ತಿರ, ನಮ್ಮ ಸೀಮೆಯಲ್ಲಿ ಸುಮಾರು 27 ಡಿಗ್ರಿ. ಹೊರಗೆ 15 ಡಿಗ್ರಿ ಚಳಿಯಿದ್ದಾಗ ಆ ನೀರು ಬೆಚ್ಚಗೆ ಅನಿಸುತ್ತದೆ, 42 ಡಿಗ್ರಿ ಬಿಸಿಲಿದ್ದಾಗ ತಂಪು ಅನಿಸುತ್ತದೆ. ಬದಲಾಗುವುದು ಹೊರಗಿನ ಗಾಳಿ, ಅದರ ಜೊತೆಗೆ ನಮ್ಮ ಮೈ.

ಕೆರೆ, ಜಲಾಶಯಗಳ ಮಾತು ಬೇರೆ. ಅಲ್ಲಿ ಬಿಸಿಲು ನೇರವಾಗಿ ನೀರಿನ ಮೇಲೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೇಲಿನ ನೀರು 30 ಡಿಗ್ರಿ ದಾಟುತ್ತದೆ. ಬಿಸಿಯಾದ ನೀರು ಹಗುರ, ತಂಪು ನೀರು ಭಾರ. ಗಾಳಿಯಿಲ್ಲದ ದಿನ ಹಗುರ ನೀರು ಮೇಲೆಯೇ ನಿಂತು, ಭಾರದ ನೀರು ತಳದಲ್ಲಿ ಉಳಿಯುತ್ತದೆ. ಗಾಳಿ ತಾಗದ ಆಳವಾದ ಬಾವಿಯಲ್ಲಂತೂ ಈ ಪದರ ಚೆನ್ನಾಗಿ ಗೊತ್ತಾಗುತ್ತದೆ. ಎದೆಯ ತನಕ ಬೆಚ್ಚಗೆ, ಕಾಲಿಗೆ ತಣ್ಣಗೆ.

ಇದರಲ್ಲಿ ಅಪಾಯವೇನು? ಬಿಸಿಲಲ್ಲಿ ಓಡಿ ಬಂದ ಹುಡುಗ ಬೆವರಿದ ಮೈಯಲ್ಲೇ ಮೇಲಿನಿಂದ ಧುಮುಕುತ್ತಾನೆ. ಮೇಲಿನ ಬೆಚ್ಚನೆಯ ನೀರನ್ನು ಸೀಳಿಕೊಂಡು ತಣ್ಣೀರಿಗೆ ಇಳಿಯುತ್ತಾನೆ. ಥಟ್ಟನೆ ತಂಪು ತಾಗಿದರೆ ಉಸಿರು ತಾನಾಗಿಯೇ ಒಳಕ್ಕೆ ಎಳೆಯುತ್ತದೆ. ಆ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ? ಉತ್ತರದ ಶೀತ ದೇಶಗಳ ಸರೋವರಗಳಲ್ಲಿ ಒಳ್ಳೆಯ ಈಜುಗಾರರೂ ಹೀಗೆಯೇ ಸಾಯುತ್ತಾರೆ. ನಮ್ಮ ನೀರು ಅಷ್ಟು ತಣ್ಣಗಿಲ್ಲ. ಆದರೂ ಹೊಸದಾಗಿ ಕಲಿಯುವವನನ್ನು ಗಾಬರಿಗೊಳಿಸಲು ಅಷ್ಟೇ ಸಾಕು.

ಇನ್ನೊಂದು ಮಾತು. ನೀರು ನಮ್ಮ ಮೈಯ ಕಾವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಹೀರುತ್ತದೆ. ಮೈಯೊಳಗಿನ ಕಾವು 37 ಡಿಗ್ರಿ. 25 ಡಿಗ್ರಿಯ ನೀರಿನಲ್ಲಿ ತಾಸುಗಟ್ಟಲೆ ಆಡಿದರೆ ತುಟಿ ನೀಲಿಯಾಗುತ್ತದೆ, ಹಲ್ಲು ಕಟಕಟ ಎನ್ನುತ್ತವೆ, ಕೈಕಾಲು ಸೋಲುತ್ತವೆ. ನಡುಕ ಬಂತೆಂದರೆ ಮೇಲೆ ಬಾ ಎಂದು ಮೈಯೇ ಕರೆದಂತೆ.

ಬೇಸಿಗೆಯಲ್ಲಿ ಕೆರೆ ಬತ್ತಿ ನೀರು ಮೊಣಕಾಲುದ್ದ ಕಾಣುತ್ತದೆ. ಆದರೆ 2015ರಲ್ಲಿ ಆರಂಭವಾದ ಮಿಷನ್ ಕಾಕತೀಯದಡಿ ತೆಲಂಗಾಣದ ಅನೇಕ ಕೆರೆಗಳ ಹೂಳು ತೆಗೆಯಲಾಗಿದೆ. ಹೊಲಕ್ಕೆ ಕರಿಮಣ್ಣು ಬಂತು, ಒಳ್ಳೆಯದೇ ಆಯಿತು. ಹಾಗೆಯೇ ಮಣ್ಣು ತೆಗೆದಲ್ಲಿ ಗುಂಡಿ ಉಳಿದಿರಬಹುದು. ಒಂದು ಹೆಜ್ಜೆ ಮೊಣಕಾಲುದ್ದವಾದರೆ ಮುಂದಿನ ಹೆಜ್ಜೆ ಎರಡಾಳುದ್ದ ಇದ್ದೀತು. ಕಣ್ಣೂ ಮೋಸ ಮಾಡುತ್ತದೆ: ಬೆಳಕು ನೀರಿನಲ್ಲಿ ಬಾಗುವುದರಿಂದ, ಮೇಲಿಂದ ನೋಡಿದರೆ 12 ಅಡಿ ಆಳದ ತಿಳಿನೀರು 9 ಅಡಿಯಂತೆ ಕಾಣುತ್ತದೆ.

ಈಗ ಮಳೆಗಾಲಕ್ಕೆ ಬರೋಣ. ಮೃಗಶಿರ ಕಳೆದು ಒಂದೆರಡು ತಿಂಗಳಾದರೂ ನಮ್ಮಲ್ಲಿ ಮೋಡವಿಲ್ಲದ ದಿನಗಳಿರುತ್ತವೆ. ನೀರೂ ಹಿತವಾಗಿರುತ್ತದೆ. ಆದರೆ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಮಳೆ ಅಲ್ಲಿ, ಹೊಳೆ ಇಲ್ಲಿ. 2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರಗಳನ್ನು ಮುಳುಗಿಸಿದ ನೀರೇ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಜೂರಾಲಕ್ಕೆ ಬಂತು. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆ ಏರಬಹುದು. ನಾರಾಯಣಪುರದಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂದರೆ, ಜೂರಾಲದ ಗೇಟು ತೆರೆಯುವ ಸೈರನ್ ಕೇಳಿದರೆ, ಬಟ್ಟೆ ಒಗೆಯುವವರೂ ದನ ತೊಳೆಯುವವರೂ ಕೂಡಲೇ ಮೇಲೆ ಬರಬೇಕು. ಕೆಂಪು ನೀರಿನಲ್ಲಿ ಒಳಗಿನ ಕಲ್ಲು, ಮುಳ್ಳು, ಸುಳಿ ಯಾವುದೂ ಕಾಣದು.

ಚಳಿಗಾಲದಲ್ಲಿ ಕಥೆ ತಿರುಗುತ್ತದೆ. ರಾತ್ರಿಯ ಚಳಿಗೆ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೇಳುತ್ತದೆ. ಹೀಗೆ ಕಲಸಿ ಕಲಸಿ ಮೇಲೂ ತಳವೂ ಒಂದೇ ಆಗುತ್ತವೆ. ಶ್ರೀನಗರದ ದಾಲ್ ಸರೋವರದಲ್ಲಿ ಇದರ ಇನ್ನೊಂದು ಚೋದ್ಯ ಕಾಣುತ್ತದೆ. ನೀರು ಅತ್ಯಂತ ಭಾರವಾಗುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಮತ್ತೆ ಹಗುರವಾಗಿ ಮೇಲೆ ಉಳಿದು ಮಂಜುಗಡ್ಡೆಯಾಗುತ್ತದೆ. ಗಡ್ಡೆಯ ಅಡಿಯಲ್ಲಿ ನೀರು ಹಾಗೇ ಇರುವುದರಿಂದ ಮೀನು ಬದುಕುತ್ತವೆ. ನಮ್ಮ ಕೆರೆಗಳಿಗೆ ಆ ಗತಿ ಬರುವುದಿಲ್ಲ.

ಆದರೆ ಚಳಿಗಾಲದಲ್ಲಿ ನಮ್ಮ ಹೊಳೆಗೆ ಬೇರೊಬ್ಬ ಯಜಮಾನನಿದ್ದಾನೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೊಸಳೆಗೆ ತನ್ನದೇ ಮೈಕಾವಿಲ್ಲ. ಬೆಳಗಿನ ಬಿಸಿಲು ಕಾಯಿಸಿಕೊಳ್ಳಲು ಅದು ಮರಳಿಗೆ, ಬಂಡೆಗೆ ಬಂದು ಮಲಗುತ್ತದೆ. ನಮಗೂ ಹಿತವೆನಿಸುವ ಜಾಗ ಅದೇ. ಹಾಗೆಂದು ಮೊಸಳೆ ಕಾಣದ ದಿನ ಅದು ಇಲ್ಲವೆಂದಲ್ಲ, ನೀರಿನೊಳಗಿದೆ ಎಂದೂ ಅರ್ಥವಾದೀತು.

ಹಾಗಾದರೆ ಮಾಡುವುದೇನು? ಸೋರೆಬುರುಡೆಯೋ, ಖಾಲಿ ಕ್ಯಾನೋ ಬೆನ್ನಿಗೆ ಕಟ್ಟಿ, ಈಜು ಬಲ್ಲ ದೊಡ್ಡವರ ಎದುರಿಗೇ ಕಲಿಸಿರಿ. ಧುಮುಕುವ ಮೊದಲು ಮೆಟ್ಟಿಲಿಳಿದು ಕಾಲು, ಎದೆ, ಮುಖ ತೋಯಿಸಿಕೊಳ್ಳಲಿ. ಬಾವಿಯ ಬಳಿ ಒಂದು ಹಗ್ಗ ಯಾವಾಗಲೂ ಇರಲಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿರಿ. ಹಗ್ಗ, ಧೋತರ, ಸೀರೆ, ಉದ್ದನೆಯ ಕೋಲು, ಏನು ಸಿಕ್ಕರೆ ಅದನ್ನು ನೀಡಿರಿ. ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಇಳಿಯುತ್ತಾರೆ. ಮೇಲೆ ತಂದವರನ್ನು ತಲೆಕೆಳಗು ಹಿಡಿಯಬೇಡಿ, ಹೊಟ್ಟೆ ಒತ್ತಬೇಡಿ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಂದ ಬಾಯಿಗೆ ಉಸಿರು ಕೊಡಿ, ಎದೆಯ ನಡುವೆ ಒತ್ತಿರಿ, 108ಕ್ಕೆ ಫೋನು ಮಾಡಿಸಿರಿ. ಗಡಿಯ ಈಚೆಗೂ ಆಚೆಗೂ ಆ ನಂಬರು ಒಂದೇ.

ಅಂಗೈಗೆ ಹಿತವಾದ ನೀರೆಲ್ಲ ಈಜಲು ಹಿತವಲ್ಲ. ಮೇಲಿನ ಬೆಚ್ಚಗೆ ನೋಡಿ ಒಳಗಿನದನ್ನು ಮರೆಯಬೇಡಿರಿ. ಹುಡುಗರು ಈಜಲಿ, ಸಂಜೆ ಹಸಿದುಕೊಂಡು ಮನೆಗೆ ಬರಲಿ.