ಬೈಕ್ ಮುಗ್ಗರಿಸಿದರೆ ಸೈಲೆನ್ಸರ್ ಬದಲಿಸಬೇಕೆ?

ಸಿಗ್ನಲ್‌ನಲ್ಲಿ ಹಸಿರು ದೀಪ ಹತ್ತುತ್ತದೆ. ಆಕ್ಸಿಲರೇಟರ್ ತಿರುವಿದರೆ ಬೈಕ್ ಮುಂದಕ್ಕೆ ನುಗ್ಗುವ ಬದಲು ಒಂದು ಕ್ಷಣ ಉಸಿರು ಕಟ್ಟಿದಂತೆ ತಡವರಿಸುತ್ತದೆ, ಆಮೇಲೆ ತಟ್ಟನೆ ಎಳೆಯುತ್ತದೆ. ಹಿಂದೆ ಬಸ್ಸೋ ಲಾರಿಯೋ ಇದ್ದರೆ ಆ ಒಂದು ಕ್ಷಣವೇ ಅಪಾಯಕ್ಕೆ ಸಾಕು. 'ಪಿಕಪ್ ಇಲ್ಲ' ಎಂದು ದೂರುವ ಕಾಲೇಜು ಹುಡುಗರು ಇದಕ್ಕೆ ಕಂಡುಕೊಂಡಿರುವ ಮದ್ದು, ಕಂಪೆನಿಯ ಸೈಲೆನ್ಸರ್ ಬಿಚ್ಚಿ ಗುಡುಗುವ ಸೈಲೆನ್ಸರ್ ಹಾಕಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ! ಏಕೆಂದು ನೋಡೋಣ.

ಗಾಳಿ ಮುಂದೆ, ಪೆಟ್ರೋಲ್ ಹಿಂದೆ

ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಅನುಪಾತವನ್ನು ಕಾಯುವುದೇ ಕಾರ್ಬುರೇಟರಿನ ಕೆಲಸ. ಅದರ ನಡುವಿನ ಕಿರಿದಾದ ಕೊಳವೆಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೇರಿ ಹನಿಹನಿಯಾಗಿ ಸಿಡಿಯುತ್ತದೆ. ವಿದ್ಯಾರ್ಥಿಗಳು ಓದುವ ಬರ್ನೌಲಿ ತತ್ವ ಇದೇ.

ಆಕ್ಸಿಲರೇಟರನ್ನು ತಟ್ಟನೆ ತಿರುವಿದಾಗ ಗಾಳಿ ಕೂಡಲೇ ಒಳನುಗ್ಗುತ್ತದೆ. ಆದರೆ ಪೆಟ್ರೋಲ್ ಗಾಳಿಗಿಂತ ಸುಮಾರು 600 ಪಟ್ಟು ಸಾಂದ್ರವಾದ ದ್ರವ; ಅದು ಅಷ್ಟು ಬೇಗ ಓಡಿ ಬರಲಾರದು. ಹೀಗಾಗಿ ಒಂದು ಕ್ಷಣ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ. ಕಾರ್ಬುರೇಟರ್ ಸರಿಯಿದ್ದರೆ ಈ ಕೊರತೆ ನಮ್ಮ ಗಮನಕ್ಕೇ ಬರುವುದಿಲ್ಲ. ಮೊದಲೇ ಮಿಶ್ರಣ ತೆಳುವಾಗಿದ್ದರೆ ಮಾತ್ರ ಎಂಜಿನ್ ಮುಗ್ಗರಿಸುತ್ತದೆ.

ಇಲ್ಲಿ ಇನ್ನೊಂದು ಅಂಶವಿದೆ. ಆಕ್ಸಿಲರೇಟರನ್ನು ಎಂಟನೆಯ ಒಂದು ಭಾಗದಷ್ಟು ತಿರುವುವವರೆಗೆ ಪೆಟ್ರೋಲ್ ಬರುವುದು ಮುಖ್ಯವಾಗಿ 'ಸ್ಲೋ ಜೆಟ್' ಎಂಬ ಸಣ್ಣ ರಂಧ್ರದ ಮೂಲಕ. ಅಲ್ಲಿಂದ ಮುಂದೆ ಥ್ರಾಟಲ್ ಸ್ಲೈಡಿನ ಓರೆ ಅಂಚು, ಆಮೇಲೆ ಸೂಜಿ, ಕೊನೆಗೆ ಮೇನ್ ಜೆಟ್ ಕೆಲಸಕ್ಕೆ ಬರುತ್ತವೆ. ಆದ್ದರಿಂದ ಕಡಿಮೆ ವೇಗದಲ್ಲಿ ತಡವರಿಸುವ ಬೈಕಿನ ಮೇನ್ ಜೆಟ್ ಬದಲಿಸಿ ಫಲವಿಲ್ಲ.

ರೋಗ ಪತ್ತೆ ಹೇಗೆ?

ಮೊದಲು ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಾಗಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ನಂತರ ಎಂಜಿನ್ ಬಿಸಿಯಾದ ಮೇಲೆ ಚೋಕ್ ಸ್ವಲ್ಪ ಎಳೆದು ಆಕ್ಸಿಲರೇಟರ್ ತಿರುವಿ. ತಡವರಿಕೆ ಕಡಿಮೆಯಾದರೆ ಮಿಶ್ರಣ ತೆಳುವಾಗಿದೆ ಎಂದೇ ಅರ್ಥ. ಹೆಚ್ಚಾದರೆ ಏರ್ ಫಿಲ್ಟರ್ ಧೂಳು ತುಂಬಿಕೊಂಡಿರಬಹುದು.

ಮಿಶ್ರಣ ತೆಳುವಾಗಿದ್ದರೆ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಅಲ್ಲಿಂದ ಕಳ್ಳಗಾಳಿ ಒಳಹೋಗುತ್ತದೆ. ಅದು ಸರಿಯಿದ್ದರೆ ಸ್ಲೋ ಜೆಟ್ ಬಿಚ್ಚಿ ಕ್ಲೀನರ್ ದ್ರವದಿಂದ ತೊಳೆದು ಗಾಳಿ ಹೊಡೆಸಿ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಪೆಟ್ರೋಲ್ ಅಂಟಾಗಿ ಈ ರಂಧ್ರವನ್ನೇ ಮೊದಲು ಮುಚ್ಚುತ್ತದೆ. ಪಿನ್ನು, ತಂತಿ ಮಾತ್ರ ತೂರಿಸಬೇಡಿ. ಜೆಟ್ ಮೆತ್ತನೆಯ ಹಿತ್ತಾಳೆಯದು. 0.4 ಮಿ.ಮೀ. ರಂಧ್ರ 0.5 ಮಿ.ಮೀ. ಆದರೆ ಅದರ ವಿಸ್ತೀರ್ಣ ಶೇ. 56ರಷ್ಟು ಹೆಚ್ಚುತ್ತದೆ. ಬೇಕಿದ್ದರೆ ಲೆಕ್ಕ ಹಾಕಿ ನೋಡಿ!

ಕೊನೆಯಲ್ಲಿ ತಿರುಪು. ಅದು ಕಾರ್ಬುರೇಟರಿನ ಫಿಲ್ಟರ್ ಬದಿಯಲ್ಲಿದ್ದರೆ ಗಾಳಿಯ ತಿರುಪು. ಒಳಗೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಬದಿಯಲ್ಲಿದ್ದರೆ ಮಿಶ್ರಣದ ತಿರುಪು. ಒಳಗೆ ತಿರುಗಿಸಿದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಬರೆದಿಟ್ಟುಕೊಳ್ಳುವುದು ಪ್ರಯೋಗಾಲಯದ ನಿಯಮ. ಗ್ಯಾರೇಜಿನಲ್ಲೂ ಅದೇ ಸರಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ತೆಗೆಯುವ ಶಕ್ತಿಯಿದೆ.

ಇದೆಲ್ಲ ಕಾರ್ಬುರೇಟರ್ ಇರುವ ಬೈಕಿನ ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲಿನ ಅಳತೆಯನ್ನು ನಿರ್ಧರಿಸುವುದು ಕಂಪ್ಯೂಟರ್. ಅವುಗಳ ತಪಾಸಣೆಗೆ ಸರ್ವಿಸ್ ಸೆಂಟರ್ ಬೇಕು.

ಸೈಲೆನ್ಸರ್ ಬರೀ ಕೊಳವೆಯಲ್ಲ

ಹೊಗೆ ಸರಾಗವಾಗಿ ಹೊರಹೋದರೆ ಶಕ್ತಿ ಹೆಚ್ಚುತ್ತದೆ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಹೊಗೆಯ ಜೊತೆ ಕೊಳವೆಯಲ್ಲಿ ಒತ್ತಡದ ಅಲೆಗಳೂ ಓಡಾಡುತ್ತವೆ. ಆ ಅಲೆ ಮರಳಿ ಬರುವ ಹೊತ್ತಿಗೂ ಎಂಜಿನ್ನಿನ ದ್ವಾರ ತೆರೆಯುವ ಹೊತ್ತಿಗೂ ಹೊಂದಿಕೆ ಬೇಕು. ಪೂರ್ವ ಜರ್ಮನಿಯ ಎಂಜೆಡ್ ಕಂಪೆನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಟೂ-ಸ್ಟ್ರೋಕ್ ರೇಸ್ ಬೈಕುಗಳಲ್ಲಿ ಈ ವಿದ್ಯೆಯನ್ನು ಎಷ್ಟು ಪಳಗಿಸಿದ್ದನೆಂದರೆ, ಅವನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಪಶ್ಚಿಮಕ್ಕೆ ಓಡಿಹೋಗಿ, ಆ ತಿಳಿವಳಿಕೆಯೊಂದಿಗೆ ಸುಜುಕಿ ಸೇರಿ, 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದ! ನಮ್ಮ ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಕೂಡ ಟೂ-ಸ್ಟ್ರೋಕ್ ಬೈಕೇ.

ಅಳತೆ ಹಾಕಿ ಮಾಡಿದ ಇಂಥ ಕೊಳವೆಗೂ, ಒಳಗಿನ ತಡೆಗಳನ್ನು ಕಿತ್ತು ಟೊಳ್ಳು ಮಾಡಿದ ಸೈಲೆನ್ಸರಿಗೂ ಅಜಗಜಾಂತರ. ಕಾರ್ಬುರೇಟರನ್ನು ಹೊಂದಿಸದೆ ಸೈಲೆನ್ಸರ್ ಮಾತ್ರ ತೆರೆದರೆ, ತೆಳುವಾಗಿದ್ದ ಮಿಶ್ರಣ ಸಾಮಾನ್ಯವಾಗಿ ಇನ್ನಷ್ಟು ತೆಳುವಾಗುತ್ತದೆ. ಕಡಿಮೆ ವೇಗದ ಎಳೆತವೂ ಕುಗ್ಗುತ್ತದೆ. ಅಂದರೆ ತಡವರಿಕೆ ಹೆಚ್ಚುತ್ತದೆ, ಎಂಜಿನ್ ಕಾಯುತ್ತದೆ. ಹೆಚ್ಚಾಗುವುದು ಸದ್ದೊಂದೇ.

ಆ ಸದ್ದಿಗೂ ಲೆಕ್ಕವಿದೆ. 80ರಿಂದ 175 ಸಿಸಿವರೆಗಿನ ಬೈಕ್ ಕಾರ್ಖಾನೆಯಿಂದ ಹೊರಬರುವಾಗ ಇರಬಹುದಾದ ಗರಿಷ್ಠ ಸದ್ದು 77 ಡೆಸಿಬೆಲ್. ಅದು 97 ಆದರೆ 'ಬರೀ ಇಪ್ಪತ್ತು ಹೆಚ್ಚು' ಎನ್ನುವಂತಿಲ್ಲ. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ತೀವ್ರತೆ ಹತ್ತು ಪಟ್ಟಾಗುವುದರಿಂದ ಇದು ನೂರು ಪಟ್ಟು!

ಪೋಷಕರಿಗೆ ಒಂದು ಮಾತು

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಶಬ್ದದ ಮಿತಿ ಮೀರಿದರೆ 10,000 ರೂ.ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಉಂಟು. ಅಪ್ರಾಪ್ತ ವಯಸ್ಸಿನ ಮಗ ಬೈಕ್ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೇ 25,000 ರೂ. ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ಕಾದಿರುತ್ತದೆ.

ಹಾಗೆಂದು ಮಗನ ಕುತೂಹಲವನ್ನು ಗದರಿ ಅಡಗಿಸಬೇಡಿ. ಸೈಲೆನ್ಸರಿಗೆ ಸುರಿಯುವ ಹಣದಲ್ಲಿ ಒಂದು ಸ್ಪ್ಯಾನರ್ ಸೆಟ್ ಕೊಡಿಸಿ. ನಂಬಿಕೆಯ ಮೆಕ್ಯಾನಿಕ್ ಬಳಿ ಒಂದು ಭಾನುವಾರ ಕೂರಿಸಿ, ಕೈಗೆ ಒಂದು ನೋಟ್‌ಬುಕ್ ಕೊಡಿ. ಬರ್ನೌಲಿ ತತ್ವವನ್ನು ಬಾಯಿಪಾಠ ಮಾಡಿದ ಹುಡುಗ ಪರೀಕ್ಷೆ ಮುಗಿದೊಡನೆ ಅದನ್ನು ಮರೆತಾನು. ಸ್ಲೋ ಜೆಟ್ ತೊಳೆದು ತಡವರಿಕೆ ನಿಲ್ಲಿಸಿದ ಹುಡುಗ ಜೀವಮಾನದಲ್ಲಿ ಮರೆಯಲಾರ.